ಧುಮುಕುವ ಮೊದಲು

ಹನ್ನೆರಡೇ ಹಾಳೆ.
ರಟ್ಟಿನ ಮೂಲೆಗಳನ್ನು ನಮ್ಮ ರಾನ್ವಾ
ಹಲ್ಲು ಬರುವಾಗಲೇ ಚೀಪಿ ಮೆತ್ತಗೆ ಮಾಡಿದ್ದಾಳೆ.
ಬಂಡೆಯ ಬಿಲದಲ್ಲೊಂದು ಪಫಿನ್ ಮರಿ,
ಕೆಳಗೆ ಕಡಲು, ಎರಡು ಪುಟದ ತುಂಬ ನೀಲಿ.
ಎಲ್ಲ ಹಾರಿಹೋದವು, ಮರಿಯೊಂದೇ ಉಳಿಯಿತು.
ಹೆದರಿತು. ಇಣುಕಿತು. ಮತ್ತೆ ಹೆದರಿತು.
ಕೊನೆಗೆ ಧುಮುಕಿತು.
ಕತೆ ಇಷ್ಟೇ.

ಓದುವುದು ರೋಯಿಯ ಪಾಳಿ.
ನನಗೆ ವೃದ್ಧರ ಮನೆಯಲ್ಲಿ ರಾತ್ರಿಯ ಕೆಲಸ,
ಎಂಟೂವರೆಗೆ ಹೊರಡಬೇಕು.
ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತ
ಕಿವಿಯನ್ನು ಮೇಲಿನ ಕೋಣೆಗೆ ಕೊಟ್ಟಿರುತ್ತೇನೆ.
ಕಟ್ಟಿಕೊಂಡ ಗಂಡ ಬಾಯಿಬಿಟ್ಟು ಓದುವುದನ್ನು
ಈ ಪುಸ್ತಕ ಮನೆಗೆ ಬರುವವರೆಗೆ ಕೇಳಿರಲಿಲ್ಲ ನಾನು.

ರೋಯಿಗೆ ಉಗ್ಗು.
ಕೂಸು ತೊದಲಿದರೆ ಮುತ್ತು ಉದುರಿತು ಅನ್ನುತ್ತಾರೆ;
ಆಳೆತ್ತರದ ಗಂಡಸು ತೊದಲಿದರೆ
ಅಂಗಡಿಯಲ್ಲಿ ಜನ ತಮ್ಮ ಬೂಟು ನೋಡಿಕೊಳ್ಳುತ್ತಾರೆ.
ಹುಟ್ಟಿದೂರಿನ ಹೆಸರೂ ಅವನ ಬಾಯಿಗೆ ಬಾರದು:
ಕ್ಲಾಕ್ಸ್‌ವಿಕ್, ಮೊದಲಕ್ಷರದಲ್ಲೇ ಬಾಗಿಲು ಹಾಕಿಕೊಳ್ಳುತ್ತದೆ.
ಮೀನು ಸೀಳುವ ಕಾರ್ಖಾನೆ ಸೇರಿದ್ದೂ ಅದಕ್ಕೇ.
ಯಂತ್ರದ ಗದ್ದಲದಲ್ಲಿ ಎಲ್ಲರೂ ಮೂಗರು,
ಕೈಸನ್ನೆಯಲ್ಲಿ ಅವನೇ ವಾಚಾಳಿ.

ಫೋನಿಗೆ ನಾನು. ಬ್ಯಾಂಕಿಗೆ ನಾನು.
ಯಾವ ಹಲ್ಲು ನೋವು ಅಂತ ಡಾಕ್ಟರಿಗೆ ಹೇಳುವುದಕ್ಕೂ ನಾನೇ.
ಅವನ ತುಟಿ ಅದುರಿದ್ದೇ ತಡ
ಮಿಕ್ಕ ಮಾತು ಎತ್ತಿ ಕೈಗಿಟ್ಟುಬಿಡುತ್ತಿದ್ದೆ,
ಕುಂಟುವವನಿಗೆ ಕೋಲು ಕೊಟ್ಟ ಹಾಗೆ.
ಪ್ರೀತಿ ಅಂದುಕೊಂಡಿದ್ದೆ. ಪ್ರೀತಿಯೇ.
ಸ್ವಲ್ಪ ಅವಸರವೂ.

ಮೊದಲ ಸಲ ರಾನ್ವಾ ಪುಸ್ತಕವನ್ನು ಅವನ ತೊಡೆಗೆ ಎಸೆದಾಗ
ಚಿತ್ರ ತೋರಿಸಿ ತಪ್ಪಿಸಿಕೊಳ್ಳಲು ನೋಡಿದ.
ಅಗೋ ಹಕ್ಕಿ, ಅಗೋ ನೀರು.
ಬಿಡಲಿಲ್ಲ ಅವಳು.
ಇರುವೆಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟು
"ಇದು?" ಅಂದಳು.

ಈಗ ಮೇಲೆ ಓದು ಸಾಗಿದೆ.
"ಪ... ಪ... ಪಫಿನ್ ಮರಿ ಇಣುಕಿತು."
ಕುನೋಯ್ ದ್ವೀಪದ ಕಡೆಯಿಂದ ಬಂದ ಗಾಳಿ
ಮಾಡಿನ ತಗಡು ಬಡಿಯುತ್ತಿದೆ.
ಕೊನೆಯ ಹಾಳೆ. ಗೊತ್ತು ನನಗೆ, ಈಗ ಬರುತ್ತದೆ.
"ಧು..."
ಬೂಟಿನ ದಾರ ಕೈಯಲ್ಲೇ ನಿಲ್ಲುತ್ತದೆ.
"ಧು... ಧು..."
ಹೇಳಿಕೊಡಬೇಕೆಂದು ನಾಲಿಗೆಯ ತುದಿ ತುರಿಸುತ್ತದೆ.
ಮಗಳಿಗೆ ಪ್ರತಿ ಅಕ್ಷರವೂ ಬಾಯಿಪಾಠ,
ಆದರೂ ಅವಳು ಹೇಳಿಕೊಡುವುದಿಲ್ಲ.
ಉಸಿರು ಬಿಗಿಹಿಡಿದು ಕೂತಿರಬೇಕು.
"...ಧುಮುಕಿತು!"
ಆಮೇಲೆ ಮಂಚ ಕಿರ್ರೆನ್ನುತ್ತದೆ,
ಇಬ್ಬರೂ ಧುಮುಕಿರುತ್ತಾರೆ.

ಹೋದ ಮಂಗಳವಾರ ಶಿಶುವಿಹಾರದಿಂದ
ಮುಖ ಊದಿಸಿಕೊಂಡು ಬಂದಳು.
ಟೀಚರು ಅದೇ ಪುಸ್ತಕ ಓದಿದರಂತೆ.
"ಅವರಿಗೆ ಓದೋಕೇ ಬರಲ್ಲಮ್ಮ.
ಮರಿಗೆ ಹೆದರೋಕೇ ಬಿಡಲಿಲ್ಲ.
ಸುಮ್ಮನೆ ತಳ್ಳಿಬಿಟ್ಟರು."

ಹೇಗೆ ಓದಬೇಕಿತ್ತು ಹಾಗಾದರೆ, ಕೇಳಿದೆ.
ಉಣ್ಣೆಯ ಸೀಲನ್ನು ತೊಡೆಯ ಮೇಲೆ ಕೂರಿಸಿಕೊಂಡು
ಪುಸ್ತಕ ತಲೆಕೆಳಗಾಗಿ ಹಿಡಿದು
ಅಪ್ಪ ನಿಲ್ಲುವಲ್ಲೇ ನಿಂತು, ಅಪ್ಪನಷ್ಟೇ ಹೊತ್ತು,
"ಧು... ಧು..."
ಅಣಕವಲ್ಲ. ಅವಳ ಪಾಲಿಗೆ
ಅದೂ ಅಲ್ಲಿ ಅಚ್ಚಾಗಿರುವುದೇ,
ಕಡಲಿನ ನೀಲಿಯಷ್ಟೇ ನಿಜ.

ರೋಯಿ ಆಗಲೇ ಬಾಗಿಲಲ್ಲಿ ನಿಂತಿದ್ದ,
ಮೈಯೆಲ್ಲ ಮೀನಿನ ವಾಸನೆ.
ಟೋಪಿ ತೆಗೆದ. ಮತ್ತೆ ಹಾಕಿಕೊಂಡ.
ಕೈ ತೊಳೆಯಲು ಹೋದವನು
ನಲ್ಲಿಯನ್ನು ತುಂಬ ಹೊತ್ತು ಬಿಟ್ಟೇ ಇದ್ದ.

ಊಟಕ್ಕೆ ಕೂತಾಗ
"ಬೆ..." ಅಂದ.
ಬೆಣ್ಣೆಯ ಬಟ್ಟಲು ನನ್ನ ಮೊಣಕೈ ಪಕ್ಕದಲ್ಲೇ.
ಆಲೂಗಡ್ಡೆ ಹಬೆಯಾಡುತ್ತಿತ್ತು.
"ಬೆ... ಬೆ..."
ಕೈ ಕಟ್ಟಿ ಕೂತೆ.
ಎಷ್ಟು ಅಗಲ ಆ ಸಂದು, ನೋಡಿರಲೇ ಇಲ್ಲ ನಾನು:
ಬಂಡೆಯ ತುದಿ, ಗಾಳಿ, ಕೆಳಗೆಲ್ಲ ನೀಲಿ.
ರಾನ್ವಾ ನನ್ನತ್ತ ನೋಡಿದಳು,
ತುಟಿಯ ಮೇಲೆ ಬೆರಳಿಟ್ಟು.

"ಬೆಣ್ಣೆ," ಅಂದ ರೋಯಿ.

ಕೊಟ್ಟೆ.